ಕಾಫಿ ತೋಟದ ರೈಟರ್ ಪದವಿ ಮುಗಿಸಿದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

ಹಾಸನದಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತ, ಭಾನುವಾರಗಳಂದು ದೂರಶಿಕ್ಷಣದಲ್ಲಿ ಓದುವವರಿಗೆ ಮಾರ್ಗದರ್ಶನ ಮಾಡುತ್ತ ಬಂದಿರುವ ನಾನು, ಪದವಿಯನ್ನು ಅರ್ಧಕ್ಕೆ ಬಿಟ್ಟು ಹತ್ತಿಪ್ಪತ್ತು ವರ್ಷಗಳ ಮೇಲೆ ಮರಳಿ ಬಂದವರನ್ನು ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಪ್ರವೇಶ ಪಡೆದವರು ಬಹಳ, ಮುಗಿಸಿದವರು ಕಡಿಮೆ. ಮುಗಿಸದೆ ಹೋದವರಲ್ಲಿ ಓದಲು ಶಕ್ತಿಯಿಲ್ಲದವರು ತೀರ ವಿರಳ. ಮೊದಲ ವರ್ಷದಲ್ಲೇ ಏನಾದರೊಂದು ಕೈಗೆ ಹತ್ತಿತು ಎನ್ನಿಸದೆ ಕೈಚೆಲ್ಲಿದವರೇ ಹೆಚ್ಚು. ಇಲ್ಲಿ ದಾಖಲಿಸುತ್ತಿರುವುದು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಹಾಜರಿ ಮತ್ತು ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದ ಒಬ್ಬರ ಪ್ರಕರಣ. ನಾನು ಮಾಡಿದ ಒಂದು ತಪ್ಪು ಮತ್ತು ಅದನ್ನು ತಿದ್ದಿಕೊಂಡ ಬಗೆ ಎರಡೂ ಇದರಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಇದನ್ನೇ ಆರಿಸಿಕೊಂಡಿದ್ದೇನೆ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನಾದರೂ ಗುರುತು ಸಿಗಬಾರದೆಂದು ಹೆಸರು, ತೋಟ, ಸೇರಿದ ವಿಶ್ವವಿದ್ಯಾಲಯ ಇವನ್ನು ಬಿಟ್ಟಿದ್ದೇನೆ; ಇಸವಿಗಳ ಬದಲು ಮೊದಲ ವರ್ಷ, ಎರಡನೆಯ ವರ್ಷ ಎಂದಷ್ಟೇ ಹೇಳಿದ್ದೇನೆ.

ಹಿನ್ನೆಲೆ

ನನ್ನ ಬಳಿಗೆ ಬಂದಾಗ ಅವರಿಗೆ 41 ವರ್ಷ. ಬಿ.ಕಾಂ. ಓದುತ್ತಿದ್ದವರು, ಕೊನೆಯ ವರ್ಷದಲ್ಲಿ ತಂದೆ ತೀರಿಕೊಂಡದ್ದರಿಂದ ಮೂರು ವಿಷಯಗಳನ್ನು ಬಾಕಿ ಉಳಿಸಿಕೊಂಡು ತೋಟದ ಕೆಲಸಕ್ಕೆ ಸೇರಿದ್ದರು. ಮುಂದಿನ ವರ್ಷ ಕಟ್ಟೋಣ, ಅದರ ಮುಂದಿನ ವರ್ಷ ಕಟ್ಟೋಣ ಎನ್ನುತ್ತ ಕಾಲ ಸರಿದು, ಅವರು ಓದಿದ ಸ್ಕೀಮಿನ (ಹಳೆಯ ಪಠ್ಯಕ್ರಮದ) ಪ್ರಶ್ನೆಪತ್ರಿಕೆಗಳನ್ನೇ ಅವರ ಹಳೆಯ ವಿಶ್ವವಿದ್ಯಾಲಯ ನಿಲ್ಲಿಸಿತು. ಹಳೆಯ ವಿದ್ಯಾರ್ಥಿಗಳು ಬಾಕಿ ವಿಷಯಗಳನ್ನು ಬರೆದು ಮುಗಿಸಲೆಂದು ನಡುವೆ ವಿಶೇಷ ಅವಕಾಶವನ್ನೂ ಕೊಟ್ಟಿತ್ತಂತೆ; ಆ ಪ್ರಕಟಣೆ ಇವರ ಕಣ್ಣಿಗೆ ಬೀಳಲಿಲ್ಲ, ಯಾರೂ ಹೇಳಲೂ ಇಲ್ಲ. ಎರಡು ವರ್ಷ ಪೂರ್ತಿ ಓದಿ ಪಾಸಾದ ಮಾರ್ಕ್ಸ್ ಕಾರ್ಡುಗಳು ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿದ್ದವು, ಆದರೆ ಅವುಗಳಿಂದ ಯಾವ ಪ್ರಯೋಜನವೂ ಇರಲಿಲ್ಲ.

ಈ ನಷ್ಟಕ್ಕಿಂತ ದೊಡ್ಡ ಗಾಯ ಇನ್ನೊಂದಿತ್ತು. ನನ್ನ ಬಳಿಗೆ ಬರುವ ಕೆಲವು ವರ್ಷ ಮೊದಲು ಒಬ್ಬ ಏಜೆಂಟ್ ಅವರನ್ನು ಹಿಡಿದಿದ್ದ. ಕ್ಲಾಸಿಗೆ ಹೋಗುವುದು ಬೇಡ, ಮೂರು ವರ್ಷದ ಪರೀಕ್ಷೆಯನ್ನು ಒಂದೇ ಸಲ ಬರೆಸಿ ಡಿಗ್ರಿ ಕೈಗೆ ಕೊಡುತ್ತೇವೆ ಎಂದು ನಂಬಿಸಿ 18,000 ರೂಪಾಯಿ ತೆಗೆದುಕೊಂಡು, ಉತ್ತರ ಭಾರತದ ಯಾವುದೋ ಊರಿನ ಹೆಸರಿದ್ದ ರಸೀದಿಯೊಂದನ್ನು ಕೊಟ್ಟು ಮಾಯವಾಗಿದ್ದ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ ಎಂಬುದು ಅವರಿಗೆ ತಿಳಿದದ್ದು ಹಣ ಹೋದ ಮೇಲೆ. ಹೀಗಾಗಿ ಮೊದಲ ಭೇಟಿಯಲ್ಲಿ ಪ್ರಶ್ನೆ ಕೇಳಿದ್ದು ಅವರಲ್ಲ, ಜೊತೆಯಲ್ಲಿ ಬಂದಿದ್ದ ಅವರ ಹೆಂಡತಿ: "ಮೇಡಂ, ಇದೂ ಹಂಗೇನಾ?" ಆ ಪ್ರಶ್ನೆ ನನಗೆ ಕೊನೆಯವರೆಗೂ ನೆನಪಿನಲ್ಲಿ ಉಳಿಯಿತು, ಏಕೆಂದರೆ ಪರೀಕ್ಷೆಯ ಮೂಲಕ ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಕಲಿಕೆಯ ಮಾನ) ಗಳಿಸುವ ನ್ಯಾಯವಾದ ದಾರಿಯನ್ನು ವಯಸ್ಕರಿಗೆ ವಿವರಿಸುವಾಗಲೆಲ್ಲ, ಅದು ಏಜೆಂಟನ ಮಾತಿನಂತೆಯೇ ಕೇಳಿಸುವ ಅಪಾಯವಿದೆ.

ಪದವಿ ಬೇಕಾಗಿದ್ದ ಕಾರಣ ಸರಳವಾದದ್ದು. ತೋಟದ ಆಡಳಿತ ಹೊಸ ತಲೆಮಾರಿನ ಕೈಗೆ ಬಂದಿತ್ತು. ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗೆ ಪದವೀಧರರೇ ಬೇಕೆಂದು ಮಾಲೀಕರು ಹೇಳಿದ್ದರು. ಇಪ್ಪತ್ತು ವರ್ಷ ಲೆಕ್ಕ ಬರೆದ ತೋಟದಲ್ಲಿ, ತಾವೇ ಕೆಲಸ ಕಲಿಸಬೇಕಾದ ಹುಡುಗನೊಬ್ಬ ತಮ್ಮ ಮೇಲಿನ ಕುರ್ಚಿಗೆ ಬರುವುದನ್ನು ಅವರು ಕಾಯುತ್ತಿದ್ದರು.

ಮೊದಲ ವರ್ಷ: ನನ್ನ ತಪ್ಪು

ನಮ್ಮ ಭಾಗದವರಿಗೆ ದೂರಶಿಕ್ಷಣ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ರಾಷ್ಟ್ರಮಟ್ಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಿಂದಲೇ ಇದೆ. ಇಂಥ ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ ಇವರು ಬಿ.ಕಾಂ. ಪದವಿಗೆ ಹೊಸದಾಗಿ ಪ್ರವೇಶ ಪಡೆದರು. ಹಳೆಯ ಎರಡು ವರ್ಷಗಳ ಓದಿಗೆ ವಿನಾಯಿತಿ ಕೋರಿ ಅರ್ಜಿಯನ್ನೂ ಹಾಕಿದೆವು. ಪಠ್ಯಕ್ರಮ ಹೊಂದಿಕೆಯಾಗುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಕ್ರೆಡಿಟ್‌ಗಳನ್ನು ಜಮಾ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆ 2021ರ ಜುಲೈನಲ್ಲಿ ಅಧಿಸೂಚನೆಯಾದರೂ, 2021-22ನೇ ಸಾಲಿನಿಂದ ಈಚೆಗೆ ಗಳಿಸಿದ ಕ್ರೆಡಿಟ್‌ಗಳಷ್ಟೇ ಅದರೊಳಗೆ ಸೇರುತ್ತವೆ. ಅಂದರೆ ಹಳೆಯ ಸ್ಕೀಮಿನವರಿಗೆ ಈ ಬ್ಯಾಂಕಿನಲ್ಲಿ ಆರಂಭಿಕ ಶಿಲ್ಕು ಸೊನ್ನೆ.

ಆಗ ನಾನು ಎಲ್ಲರಿಗೂ ಹಾಕಿಕೊಡುತ್ತಿದ್ದ ವೇಳಾಪಟ್ಟಿಯನ್ನೇ ಅವರಿಗೂ ಹಾಕಿಕೊಟ್ಟೆ: ಜುಲೈನಲ್ಲಿ ಪುಸ್ತಕ, ಸೆಪ್ಟೆಂಬರಿನಲ್ಲಿ ಅಸೈನ್‌ಮೆಂಟ್, ಡಿಸೆಂಬರಿನಲ್ಲಿ ನಾಲ್ಕು ವಿಷಯಗಳ ಪರೀಕ್ಷೆ. ಕಷ್ಟದ್ದನ್ನು ಮೊದಲು ಮುಗಿಸಿಬಿಡಬೇಕೆಂಬ ನಂಬಿಕೆಯಿಂದ, ಅವರಿಗೆ ಅತ್ಯಂತ ಭಯವಿದ್ದ ಇಂಗ್ಲಿಷ್ ಭಾಷಾ ಪತ್ರಿಕೆಯನ್ನು ಮೊದಲಿಗೆ ಇಟ್ಟೆ. ಇವೆರಡೂ ತಪ್ಪು ನಿರ್ಧಾರಗಳು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಹಿಡಿದರೆ ಜನವರಿಯವರೆಗೆ, ಅದರ ಹಿಂದೆಯೇ ರೋಬಸ್ಟಾ ಕೊಯ್ಲು ಫೆಬ್ರವರಿ ದಾಟುವವರೆಗೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ರೈಟರ್ ಬೆಳಿಗ್ಗೆ ಹಾಜರಿ ಹಾಕಿ, ಸಂಜೆ ಕೊಯ್ದ ಹಣ್ಣನ್ನು ತೂಗಿಸಿ ಒಬ್ಬೊಬ್ಬರ ಲೆಕ್ಕ ಬರೆದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೂ ಒಣಗಿಸುವ ಕಣಕ್ಕೂ ಓಡಾಡಿ, ವಾರದ ಬಟವಾಡೆಗೆ ಹಣ ಹೊಂದಿಸಬೇಕು. ಹಾಸನ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನಾನು ಇದನ್ನು ಅರಿಯದವಳಲ್ಲ. ಆದರೆ ಪರೀಕ್ಷೆಯ ವೇಳಾಪಟ್ಟಿ ಹಾಕುವಾಗ ತೋಟದ ಕಡೆ ನನ್ನ ಯೋಚನೆ ಹರಿಯಲೇ ಇಲ್ಲ.

ಡಿಸೆಂಬರಿನಲ್ಲಿ ಅವರು ನಾಲ್ಕರಲ್ಲಿ ಒಂದು ಪತ್ರಿಕೆಗೆ ಮಾತ್ರ ಹಾಜರಾದರು. ಆ ಒಂದು ಇಂಗ್ಲಿಷ್, ಅದರಲ್ಲಿ ಫೇಲಾದರು. ಫಲಿತಾಂಶ ಬಂದ ನಂತರ ನನ್ನ ಫೋನನ್ನು ಎತ್ತುವುದನ್ನು ಬಿಟ್ಟರು. ಇಂಥ ಹೊತ್ತಿನಲ್ಲಿ ಧೈರ್ಯದ ಮಾತು ಹೇಳುವುದು ಸುಲಭ, ನಾನೂ ಎರಡು ಸಂದೇಶ ಕಳಿಸಿದೆ. 41ನೇ ವಯಸ್ಸಿನಲ್ಲಿ, ಮಗಳಿಗಿಂತ ಸ್ವಲ್ಪವೇ ದೊಡ್ಡವರಾದ ಹುಡುಗರ ನಡುವೆ ಕೂತು ಪರೀಕ್ಷೆ ಬರೆದು ಸೋತವರಿಗೆ, ನಿಮ್ಮಿಂದ ಆಗುತ್ತದೆ ಎಂಬ ಮಾತು ಸಮಾಧಾನ ತರುವುದಿಲ್ಲ. ಆಗಲಿಲ್ಲ ಎಂಬುದಕ್ಕೆ ಅವರ ಕೈಯಲ್ಲಿ ದಾಖಲೆಯೇ ಇತ್ತು.

ತೋಟದ ಲೆಕ್ಕದ ಪುಸ್ತಕಗಳು

ಮಾರ್ಚ್ ಕೊನೆಯಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಗಿದ್ದ ಒಂದು ಭಾನುವಾರ, ನಾನು ಅವರ ಮನೆಗೆ ಹೋದೆ. ಓದಿನ ಮಾತು ಎತ್ತಬಾರದೆಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಕಾಫಿ ಕುಡಿದ ಮೇಲೆ ಆಫೀಸು ನೋಡಬೇಕೆಂದು ಕೇಳಿದೆ. ಅವರು ತೋರಿಸಿದ್ದು ಆಳುಗಳ ಹಾಜರಿ-ಕೂಲಿ ಬರೆಯುವ ಚೆಕ್‌ರೋಲ್, ನಗದು ಪುಸ್ತಕ, ಸ್ಟೋರ್ ಪುಸ್ತಕ, ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಮತ್ತು ಚೆರ್ರಿಯ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ದಾಸ್ತಾನು ಪುಸ್ತಕ, ಭವಿಷ್ಯನಿಧಿ ಹಾಗೂ ಬೋನಸ್ ಲೆಕ್ಕ, ಜೊತೆಗೆ ಆಳುಗಳಿಗೆ ಕೊಟ್ಟ ಮುಂಗಡವನ್ನು ಬರೆದಿಟ್ಟ ಉದ್ದನೆಯ ಒಂದು ಹಳೆಯ ಪುಸ್ತಕ. ಕಳೆದ ಆರೇಳು ವರ್ಷಗಳ ಲೆಕ್ಕ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲೂ ಇತ್ತು. ವರ್ಷದ ಕೊನೆಯಲ್ಲಿ ತೋಟದ ಆಡಿಟರ್ ಕೇಳುವ ಪ್ರತಿ ಪ್ರಶ್ನೆಗೂ ಇವರೇ ಉತ್ತರ ಕೊಡುತ್ತಿದ್ದರು.

ಮುಂಗಡದ ಪುಸ್ತಕವನ್ನು ತಿರುವಿಹಾಕುತ್ತ ನಾನು ಒಂದು ಪ್ರಶ್ನೆ ಕೇಳಿದೆ: ಈ ಹಣವನ್ನು ನೀವು ಖರ್ಚು ಎಂದು ಬರೆಯುತ್ತೀರೋ, ಇಲ್ಲವೋ? ಅವರು ಯೋಚಿಸದೆ ಹೇಳಿದರು: "ಖರ್ಚು ಹೆಂಗಾಯ್ತದೆ ಮೇಡಂ? ಅದು ನಮಗೆ ಬರಬೇಕಾದ ದುಡ್ಡಲ್ವಾ? ಕೆಲಸ ಮಾಡಿ ತೀರಿಸ್ದಂಗೆಲ್ಲ ಕೂಲಿಗೆ ಹೋಗ್ತದೆ." ಮುಂಗಡವು ಆಸ್ತಿಯ ಬದಿಗೆ ಸೇರುತ್ತದೆ, ಸೇವೆ ಪಡೆದಾಗಲಷ್ಟೇ ವೆಚ್ಚವಾಗುತ್ತದೆ ಎಂಬುದನ್ನು ಪ್ರಥಮ ವರ್ಷದ ಬಿ.ಕಾಂ. ಮಕ್ಕಳಿಗೆ ಅರ್ಥಮಾಡಿಸಲು ನನಗೆ ಒಂದು ವಾರ ಬೇಕಾಗುತ್ತದೆ. ಹಳೆ ಗಿಡ ಸತ್ತ ಜಾಗಕ್ಕೆ ಸಸಿ ನೆಡುವುದು, ಹತ್ತು ಎಕರೆಯನ್ನು ಪೂರ್ತಿ ಕಿತ್ತು ಹೊಸದಾಗಿ ನೆಡುವುದು, ಇವೆರಡನ್ನೂ ಒಂದೇ ಖಾತೆಗೆ ಬರೆಯಬಾರದು ಎಂಬುದು ಅವರಿಗೆ ಗೊತ್ತಿತ್ತು. ಒಂದು ರಾಜಸ್ವ ವೆಚ್ಚ, ಇನ್ನೊಂದು ಬಂಡವಾಳ ವೆಚ್ಚ ಎಂಬ ಹೆಸರುಗಳು ಮಾತ್ರ ಮರೆತುಹೋಗಿದ್ದವು. ಪಲ್ಪರ್ ಯಂತ್ರದ ಸವಕಳಿಯನ್ನು ಆಡಿಟರ್ ಬರೆಯುತ್ತಾರೆ ಎಂದು ತಿಳಿದಿತ್ತೇ ಹೊರತು ಯಾಕೆ, ಹೇಗೆ ಎಂದು ತಿಳಿದಿರಲಿಲ್ಲ. ಅಂದರೆ ಹಣಕಾಸು ಲೆಕ್ಕಶಾಸ್ತ್ರದ ಬಹುಪಾಲು ಅವರ ಕೈಯಲ್ಲೇ ಇತ್ತು. ಇಂಗ್ಲಿಷ್ ಪತ್ರಿಕೆಯಿಂದ ಅವರ ಓದನ್ನು ಆರಂಭಿಸಿದ ನನ್ನ ಬುದ್ಧಿಗೆ ಅಂದು ನಿಜವಾಗಿಯೂ ನಾಚಿಕೆಯಾಯಿತು.

ಪರೀಕ್ಷೆಯಿಂದ ಕ್ರೆಡಿಟ್: ಅಲ್ಲಿ ಮತ್ತು ಇಲ್ಲಿ

ಹೀಗೆ ಕೆಲಸದಿಂದ ಕಲಿತದ್ದನ್ನು ಪರೀಕ್ಷೆಯಿಂದ ಅಳೆಯಲು ಅಮೆರಿಕದಲ್ಲಿರುವ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1967ರಿಂದ ಕ್ಲೆಪ್ ಎಂಬ ಪರೀಕ್ಷೆಗಳನ್ನು ನಡೆಸುತ್ತಿದೆ. ಒಬ್ಬರು ಒಂದು ವಿಷಯವನ್ನು ಕೆಲಸದಿಂದಲೋ, ಸ್ವಂತ ಓದಿನಿಂದಲೋ, ಸೈನ್ಯದ ತರಬೇತಿಯಿಂದಲೋ ಕಲಿತಿದ್ದರೆ, ಆ ವಿಷಯದ ತರಗತಿಗೆ ಹೋಗದೆ ನೇರವಾಗಿ ಪರೀಕ್ಷೆ ಬರೆಯಬಹುದು. ಹೆಚ್ಚಿನ ಪರೀಕ್ಷೆಗಳಿಗೆ ಸುಮಾರು 90 ನಿಮಿಷ. ಅಂಕಗಳು 20ರಿಂದ 80ರ ಅಳತೆಯಲ್ಲಿ ಬರುತ್ತವೆ. 50 ಬಂದರೆ ಕ್ರೆಡಿಟ್ ಕೊಡಬಹುದೆಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಶಿಫಾರಸು ಮಾಡುತ್ತದೆ, ಕೊಡುವುದು ಬಿಡುವುದು ಆಯಾ ಕಾಲೇಜಿನ ನಿರ್ಧಾರ. ಹಣಕಾಸು ಲೆಕ್ಕಶಾಸ್ತ್ರಕ್ಕೂ ಅಲ್ಲೊಂದು ಪರೀಕ್ಷೆಯಿದ್ದು, ಅದಕ್ಕೆ ಶಿಫಾರಸಾಗಿರುವುದು 3 ಕ್ರೆಡಿಟ್. ಇದಕ್ಕೂ ಹಿಂದೆ, 1858ರಲ್ಲೇ, ಲಂಡನ್ ವಿಶ್ವವಿದ್ಯಾಲಯ ಯಾವ ಕಾಲೇಜಿಗೂ ಸೇರದವರಿಗೂ ತನ್ನ ಪದವಿ ಪರೀಕ್ಷೆಗಳನ್ನು ತೆರೆದಿತ್ತು. ಎಲ್ಲಿ ಕಲಿತಿರಿ ಎಂಬುದಕ್ಕಿಂತ ಏನು ಕಲಿತಿರಿ ಎಂಬುದನ್ನು ಅಳೆಯಬೇಕೆಂಬ ವಿಚಾರ ಹೊಸದೇನಲ್ಲ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವವರನ್ನು ನೋಡಿರುವ ನಮಗೂ ಅದು ಅಪರಿಚಿತವಲ್ಲ.

ಆದರೆ ಪದವಿ ಹಂತದಲ್ಲಿ, ನೇರವಾಗಿ ಪರೀಕ್ಷೆ ಬರೆದು ಒಂದು ವಿಷಯದ ಕ್ರೆಡಿಟ್ ಪಡೆಯುವ ಕ್ಲೆಪ್‌ನಂಥ ಸರಳ ದಾರಿ ನಮ್ಮ ರೈಟರ್ ಮುಂದೆ ಇರಲಿಲ್ಲ. ಅದಕ್ಕೆ ಅತ್ಯಂತ ಹತ್ತಿರವಾದದ್ದು ಸ್ವಯಂ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ವೇದಿಕೆ. 2017ರ ಜುಲೈನಲ್ಲಿ ಆರಂಭವಾದ ಈ ವೇದಿಕೆಯಲ್ಲಿ ಪಾಠ ಉಚಿತ. ಕ್ರೆಡಿಟ್ ಬೇಕಾದವರು ಶುಲ್ಕ ಕಟ್ಟಿ, ಮೇಲ್ವಿಚಾರಣೆಯಿರುವ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ಮೊದಲು ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 20ರಷ್ಟನ್ನು ಮಾತ್ರ ಹೀಗೆ ಮಾಡಬಹುದಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2021ರ ನಿಯಮ ಈ ಮಿತಿಯನ್ನು ಶೇ 40ಕ್ಕೆ ಏರಿಸಿತು. ಸ್ವಯಂನಲ್ಲೇ ಸಿಗುವ, ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸ್‌ಗಳಲ್ಲಿ 12 ವಾರದ್ದಕ್ಕೆ 3 ಕ್ರೆಡಿಟ್. ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75 ಅಂಕ. ಆಗ ಪರೀಕ್ಷಾ ಶುಲ್ಕ 1,000 ರೂಪಾಯಿ ಇತ್ತು.

ಈ ಎಲ್ಲದರ ನಡುವೆ ನನ್ನ ಗಮನ ಸೆಳೆದದ್ದು ಎರಡು ಸಣ್ಣ ಸಂಗತಿಗಳು. ಒಂದು, 12 ಅಸೈನ್‌ಮೆಂಟ್‌ಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೆಲಸ, ಸಂಸಾರ, ಕಾಯಿಲೆ, ಮದುವೆ-ಮುಂಜಿಗಳ ನಡುವೆ ಓದುವವರಿಗೆ ನಾಲ್ಕು ವಾರಗಳ ಈ ಸಡಿಲಿಕೆ ಎಷ್ಟು ದೊಡ್ಡ ಉಪಕಾರವೆಂಬುದು ದಿನವಿಡೀ ಕಾಲೇಜಿನಲ್ಲಿರುವ ಹುಡುಗರಿಗೆ ತಿಳಿಯಲಾರದು. ಎರಡು, ಜುಲೈನಲ್ಲಿ ಶುರುವಾಗುವ ಕೋರ್ಸ್‌ನ ಪರೀಕ್ಷೆ ಅಕ್ಟೋಬರ್ ಕೊನೆಯ ಹೊತ್ತಿಗೆ ಬರುತ್ತದೆ, ಅದೂ ಶನಿವಾರ ಅಥವಾ ಭಾನುವಾರ. ಮಳೆಗಾಲವೆಲ್ಲ ಓದು, ಕೊಯ್ಲು ಹಿಡಿಯುವ ಮೊದಲು ಪರೀಕ್ಷೆ. ತೋಟದ ಪಂಚಾಂಗಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಏರ್ಪಾಡು ನನಗೆ ಬೇರೆ ಸಿಗಲಿಲ್ಲ.

ಹಣಕಾಸು ಲೆಕ್ಕಶಾಸ್ತ್ರದ ಇಂಥ 12 ವಾರದ ಕೋರ್ಸೊಂದನ್ನು ಅವರ ಮುಂದಿಟ್ಟಾಗ ಹೆಂಡತಿಯ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ನಾನು ಕೊಟ್ಟ ಉತ್ತರ ಇದು: ಆ ಏಜೆಂಟ್ ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆದುಕೊಡಲು ದುಡ್ಡು ಕೇಳಿದ, ಇಲ್ಲಿ ನಿಮಗೆ ಗೊತ್ತಿರುವುದನ್ನು ಗೊತ್ತಿದೆಯೆಂದು ತೋರಿಸಲು ನೀವೇ ಮೂರು ಗಂಟೆ ಕೂತು ಪರೀಕ್ಷೆ ಬರೆಯಬೇಕು, ತೋರಿಸಲಾಗದಿದ್ದರೆ ಫೇಲು. ಫೇಲಾಗುವ ಸಾಧ್ಯತೆ ಇದೆ ಎಂದು ನಾನು ಹೇಳಿದ್ದೇ ಅವರಿಗೆ ನಂಬಿಕೆ ತಂದಿತೆಂದು ಆಮೇಲೆ ಆಕೆ ನನಗೆ ಹೇಳಿದರು. ಕೋರ್ಸ್ ಸೇರುವ ಮೊದಲೇ, ಈ 3 ಕ್ರೆಡಿಟ್‌ಗಳನ್ನು ಐಚ್ಛಿಕ ವಿಷಯದ ಲೆಕ್ಕಕ್ಕೆ ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಲಿಖಿತ ಒಪ್ಪಿಗೆ ತರಿಸಿಕೊಂಡೆವು. ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಕೋರ್ಸ್ ಮುಗಿಸಿದ ಮೇಲೆ ಒಪ್ಪಿಗೆ ಕೇಳಿ, ಇಲ್ಲವೆನಿಸಿಕೊಂಡು ಬಂದವರನ್ನು ಕಂಡಿದ್ದೇನೆ.

ತಯಾರಿ

ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಓದುವುದೆಂದು ಗೊತ್ತುಮಾಡಿಕೊಂಡರು. ಜುಲೈ-ಆಗಸ್ಟ್ ತಿಂಗಳಲ್ಲಿ ಸಕಲೇಶಪುರದ ಮಳೆ ಹೇಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಮರ ಬಿದ್ದು ತಂತಿ ಹರಿದರೆ ಎರಡು-ಮೂರು ದಿನ ಕರೆಂಟ್ ಇಲ್ಲ, ಕರೆಂಟ್ ಇಲ್ಲದಿದ್ದರೆ ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಹೀಗಾಗಿ ಪ್ರತಿ ವಾರ ಪೇಟೆಗೆ ಬಂದಾಗ ಮುಂದಿನ ವಾರದ ಪಾಠಗಳನ್ನು ಫೋನಿಗೆ ಇಳಿಸಿಕೊಂಡು, ಪಾಠದ ಬರಹರೂಪವನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಹೋಗುತ್ತಿದ್ದರು.

ಇಂಗ್ಲಿಷಿನ ಭಯಕ್ಕೆ ಒಂದು ದಾರಿ ತಾನಾಗಿ ಹೊಳೆಯಿತು. ಪಾಠದಲ್ಲಿ ಬರುವ ಪ್ರತಿ ಹೊಸ ಪದಕ್ಕೂ ಅವರು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆದರು: ಮೊದಲಿನದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ತಾವು ಹಿಂದೆ ಕಾಲೇಜಿನಲ್ಲಿ ಕಲಿತ ಕನ್ನಡ ಪದ, ಮೂರನೆಯದರಲ್ಲಿ ತೋಟದಲ್ಲಿ ಅದಕ್ಕೆ ಸಿಗುವ ಉದಾಹರಣೆ. ಟ್ರಯಲ್ ಬ್ಯಾಲೆನ್ಸ್, ತಾಳೆ ಪಟ್ಟಿ, ಮಾರ್ಚ್ ಕೊನೆಗೆ ಆಡಿಟರಿಗೆ ಕಳಿಸುವ ಹಾಳೆ. ಕ್ಲೋಸಿಂಗ್ ಸ್ಟಾಕ್, ಅಂತಿಮ ದಾಸ್ತಾನು, ಗೋದಾಮಿನಲ್ಲಿ ಮಾರದೆ ಉಳಿದ ಚೆರ್ರಿ ಮೂಟೆಗಳು. ಔಟ್‌ಸ್ಟ್ಯಾಂಡಿಂಗ್ ವೇಜಸ್, ಕೊಡಬೇಕಾದ ಕೂಲಿ, ಬಟವಾಡೆಗೆ ಮೊದಲೇ ತಿಂಗಳು ಮುಗಿದರೆ ಉಳಿಯುವ ನಾಲ್ಕು ದಿನದ ಲೆಕ್ಕ. ಈ ಮೂರನೆಯ ಕಲಮಿನಿಂದಾಗಿ ಪಠ್ಯ ಅವರ ಸ್ವಂತದ್ದಾಯಿತು. ಇಂಗ್ಲಿಷ್ ವಾಕ್ಯ ಪೂರ್ತಿ ಬಿಡಿಸಲಾಗದಿದ್ದರೂ ಪ್ರಶ್ನೆ ಯಾವ ಖಾತೆಯ ಬಗ್ಗೆ ಇದೆಯೆಂದು ಗೊತ್ತಾಗುತ್ತಿತ್ತು.

ಅನುಭವವೇ ಅಡ್ಡಿಯಾದ ಜಾಗವೂ ಒಂದಿತ್ತು. ತೋಟದಲ್ಲಿ ಅವರು ಹಣ ಕೈಸೇರಿದಾಗ ಜಮಾ, ಕೈಬಿಟ್ಟಾಗ ಖರ್ಚು ಎಂದು ಬರೆದು ರೂಢಿಯಾದವರು. ಹಣ ಬರುವ ಮೊದಲೇ ಆದಾಯವನ್ನು ಗುರುತಿಸಬೇಕು, ಕೊಡುವ ಮೊದಲೇ ವೆಚ್ಚವನ್ನು ದಾಖಲಿಸಬೇಕು ಎಂಬ ಪಠ್ಯದ ನಿಯಮ ಅವರಿಗೆ ಸುಳ್ಳು ಲೆಕ್ಕದಂತೆ ಕಂಡಿತು. ಆ ವಾರದ ಅಸೈನ್‌ಮೆಂಟಿನಲ್ಲಿ ಕಡಿಮೆ ಅಂಕ ಬಂದಾಗ ಫೋನಿನಲ್ಲಿ ನನ್ನೊಂದಿಗೆ ವಾದಕ್ಕೇ ನಿಂತರು. ಬೋನಸ್ಸಿನ ಉದಾಹರಣೆ ಹಿಡಿದು, ಈ ವರ್ಷದ ಕೆಲಸಕ್ಕೆ ಮುಂದಿನ ವರ್ಷ ಕೊಡುವ ಬೋನಸ್ಸನ್ನು ಯಾವ ವರ್ಷದ ಲಾಭದಿಂದ ಕಳೆಯಬೇಕು ಎಂದು ಕೇಳಿದಾಗ ಸುಮ್ಮನಾದರು. ಮರುದಿನ ಬೆಳಿಗ್ಗೆ ತಾವೇ ಫೋನ್ ಮಾಡಿ ಸರಿಯಾದ ಉತ್ತರ ಹೇಳಿದರು. ಅನುಭವಿಗಳ ಜ್ಞಾನಕ್ಕೆ ಪರೀಕ್ಷೆಯೇಕೆ, ಸೇವಾ ಪ್ರಮಾಣಪತ್ರ ನೋಡಿಯೇ ಕ್ರೆಡಿಟ್ ಕೊಡಬಹುದಲ್ಲ ಎಂಬ ವಾದವನ್ನು ನಾನು ಒಪ್ಪದಿರುವುದು ಇಂಥ ಕಾರಣಕ್ಕಾಗಿ. ಕೆಲಸ ಕಲಿಸುವುದರಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿರುತ್ತವೆ. ಅವು ಎಲ್ಲಿವೆಯೆಂದು ಪರೀಕ್ಷೆಯ ತಯಾರಿ ತೋರಿಸಿಕೊಡುತ್ತದೆ.

ಹೊಸ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ, ಅಂದರೆ ಈ ಕೋರ್ಸಿಗೆ 90 ಗಂಟೆ. ಅವರು ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕದಂತೆ ಓದಿದ್ದು 62 ಗಂಟೆ. ಉಳಿದದ್ದನ್ನು ಇಪ್ಪತ್ತು ವರ್ಷಗಳ ಚೆಕ್‌ರೋಲ್ ತುಂಬಿಕೊಟ್ಟಿತೆಂದು ನಾನು ಭಾವಿಸುತ್ತೇನೆ.

ಪರೀಕ್ಷೆ ಮತ್ತು ನಂತರದ ತೊಡಕು

ಪರೀಕ್ಷಾ ಕೇಂದ್ರ ಮೈಸೂರಿನಲ್ಲಿ ಸಿಕ್ಕಿತು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಕಂಪ್ಯೂಟರ್ ಮುಂದೆ ಕೂತು ಬರೆದು ಬಂದರು. ಟ್ಯಾಲಿ ಬಳಸಿದ ಕೈಗೆ ಕಂಪ್ಯೂಟರ್ ಹೊಸದಾಗಿರಲಿಲ್ಲ. ಅಸೈನ್‌ಮೆಂಟಿಗೆ 25ಕ್ಕೆ 19, ಪರೀಕ್ಷೆಗೆ 75ಕ್ಕೆ 52, ಒಟ್ಟು 71. ಅರವತ್ತು ದಾಟಿದವರಿಗೆ ಕೊಡುವ ಎಲೈಟ್ ದರ್ಜೆ ಪ್ರಮಾಣಪತ್ರದ ಮೇಲಿತ್ತು.

ಮೂರು ವರ್ಷದ ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ 3 ಎಂದರೆ ನೂರಕ್ಕೆ ಎರಡೂವರೆ. ಇಷ್ಟಕ್ಕೆ ಇಷ್ಟು ಶ್ರಮವೇ ಎಂದು ಕೇಳುವವರಿಗೆ ನಾನು ತೋರಿಸುವುದು ಆಮೇಲಿನ ತಿಂಗಳುಗಳನ್ನು. ಕೊಯ್ಲಿನ ನಡುವೆಯೂ ಅವರು ತಾವಾಗಿ ಫೋನ್ ಮಾಡಿ, ಜೂನ್ ಪರೀಕ್ಷೆಗೆ ಯಾವ ವಿಷಯ ಕಟ್ಟಲಿ ಎಂದು ಕೇಳಿದರು. ಹಿಂದಿನ ವರ್ಷ ಇದೇ ತಿಂಗಳುಗಳಲ್ಲಿ ಫೋನ್ ಎತ್ತದಿದ್ದವರು ಇವರೇ. ನಡುವೆ ಬದಲಾದದ್ದು ಒಂದೇ: ಪಾಸಾದದ್ದಕ್ಕೆ ಒಂದು ಕಾಗದ ಕೈಯಲ್ಲಿತ್ತು, ಮತ್ತು ಆ ಕಾಗದ ವ್ಯರ್ಥವಾಗುವುದಿಲ್ಲ ಎಂಬ ಖಾತ್ರಿಯಿತ್ತು. ಹಳೆಯ ಮಾರ್ಕ್ಸ್ ಕಾರ್ಡುಗಳ ಗತಿ ಕಂಡವರಿಗೆ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ಕ್ರೆಡಿಟ್ ಬ್ಯಾಂಕಿನಲ್ಲಿ ಜಮಾ ಆದದ್ದು ಏಳು ವರ್ಷಗಳವರೆಗೆ ಉಳಿಯುತ್ತದೆ ಎಂದು ಹೇಳಿದಾಗ, ನಡುವೆ ಒಂದು ವರ್ಷ ಬಿಟ್ಟುಹೋದರೂ ಅಳಿಸುವುದಿಲ್ಲವೇ ಎಂದು ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಆ ಜಮಾ ಆಗುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇತ್ತು. ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಹಿಂದೆ ಬಂದಿತ್ತು. ವಿಶ್ವವಿದ್ಯಾಲಯದ ದಾಖಲೆ ಅಂಕಪಟ್ಟಿಯನ್ನೂ, ಡಿಜಿಲಾಕರ್ ಮೂಲಕ ಸಿಗುವ 12 ಅಂಕಿಯ ಕ್ರೆಡಿಟ್ ಖಾತೆಯ ಸಂಖ್ಯೆ ಆಧಾರ್ ಹೆಸರನ್ನೂ ಹಿಡಿದಿದ್ದರಿಂದ ಎರಡೂ ಒಬ್ಬರೇ ಎಂದು ಯಂತ್ರ ಒಪ್ಪಲಿಲ್ಲ. ಆಧಾರ್ ತಿದ್ದುಪಡಿ, ಅಫಿಡವಿಟ್, ಮತ್ತೆ ಅರ್ಜಿ ಎಂದು ಅವರು ಕೆಲಸ ಬಿಟ್ಟು ಐದು ಬಾರಿ ಓಡಾಡಿದರು. ವಯಸ್ಕರು ಓದನ್ನು ಕೈಬಿಡುವುದು ಬಹಳ ಸಲ ಇಂಥ ಕೌಂಟರುಗಳ ಮುಂದೆ. ಮೂರನೆಯ ಓಡಾಟದ ಹೊತ್ತಿಗೆ ನಾನೇ ಜೊತೆಗೆ ಹೋದೆ. ಅಲ್ಲಿ ನಾನು ಮಾಡಿದ್ದು ಬೇರೇನೂ ಇಲ್ಲ, ಯಾವ ಅರ್ಜಿಯ ಜೊತೆ ಯಾವ ದಾಖಲೆ ಎಂದು ಕೇಳಿ ಬರೆದುಕೊಂಡು ಬಂದೆ, ಅಷ್ಟೆ. ಮಾರ್ಗದರ್ಶಕರ ಕೆಲಸದಲ್ಲಿ ಪಾಠ ಹೇಳುವುದಕ್ಕಿಂತ ಇದರ ಪಾಲೇ ಹೆಚ್ಚೆಂದು ಈಗ ನನಗೆ ಅನ್ನಿಸುತ್ತದೆ.

ಉಳಿದ ವರ್ಷಗಳು

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಡಿಸೆಂಬರ್ ಪರೀಕ್ಷೆಗಳಿಗೆ ಕಟ್ಟುವುದನ್ನು ಪೂರ್ತಿ ಬಿಟ್ಟು ಜೂನ್‌ನಲ್ಲೇ ಹೆಚ್ಚು ವಿಷಯಗಳನ್ನು ತೆಗೆದುಕೊಂಡರು. ಎರಡನೆಯ ಮಳೆಗಾಲದಲ್ಲಿ ಇನ್ನೊಂದು 12 ವಾರದ ಕೋರ್ಸ್ ಮಾಡಿ ಮತ್ತೆ 3 ಕ್ರೆಡಿಟ್ ಗಳಿಸಿದರು. ಇಂಗ್ಲಿಷ್ ಪತ್ರಿಕೆಯನ್ನು ಕೊನೆಯ ಸಾಲಿಗೆ ತಳ್ಳಿದೆವು. ಅಷ್ಟು ಹೊತ್ತಿಗೆ ಇಂಗ್ಲಿಷಿನಲ್ಲಿ ಎರಡು ಕೋರ್ಸ್‌ಗಳನ್ನು ಕೇಳಿ ಓದಿದ್ದರಿಂದ ಅದು ಮೊದಲಿನಷ್ಟು ಭಯ ಹುಟ್ಟಿಸಲಿಲ್ಲ, 48 ಅಂಕದಲ್ಲಿ ಪಾಸಾಯಿತು. ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಫೇಲಾದರು. ಆದರೆ ಆ ಫೇಲು ಮೊದಲ ವರ್ಷದ ಫೇಲಿನಂತೆ ಅವರನ್ನು ಕೆಡವಲಿಲ್ಲ, ಮರುವರ್ಷ ಮತ್ತೆ ಕಟ್ಟಿದರು. ಕನಿಷ್ಠ ಮೂರು ವರ್ಷದ ಪದವಿ ಅವರಿಗೆ ನಾಲ್ಕು ವರ್ಷ ಹಿಡಿಯಿತು. ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ಹಿಡಿದು ಮಾಲೀಕರನ್ನು ಕಂಡಾಗ ಹುದ್ದೆ ಕೂಡಲೇ ಸಿಗಲಿಲ್ಲ, ಮುಂದಿನ ಕೊಯ್ಲು ಮುಗಿಯಲಿ ಎಂದರು. ಕೊಯ್ಲು ಮುಗಿದ ಮೇಲೆ ಸಿಕ್ಕಿತು.

ಈ ಒಂದು ಪ್ರಕರಣದಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಹೊರಡಿಸಲು ನಾನು ಬಯಸುವುದಿಲ್ಲ. ಇವರ ಕೆಲಸ ಪಠ್ಯಕ್ಕೆ ಹತ್ತಿರವಾಗಿತ್ತು. ಅಂಗನವಾಡಿ ಕಾರ್ಯಕರ್ತೆಗೋ ಬಸ್ ಕಂಡಕ್ಟರಿಗೋ ಅವರವರ ಕೆಲಸದೊಳಗಿನ ಪಠ್ಯ ಯಾವುದೆಂದು ಹುಡುಕಲು ಇನ್ನಷ್ಟು ತಾಳ್ಮೆ ಬೇಕು. ಕರ್ನಾಟಕದ ನಿಯಮಗಳೂ ಸ್ಥಿರವಾಗಿಲ್ಲ: 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ನಡುವೆ ಸೇರಿದವರು ಯಾವ ನಿಯಮ ತಮಗೆ ಅನ್ವಯಿಸುತ್ತದೆಂದು ಕೇಳುತ್ತ ಇಂದಿಗೂ ಭಾನುವಾರಗಳಂದು ಬರುತ್ತಾರೆ. ಕೆಲಸದಿಂದ ಕಲಿತದ್ದನ್ನು ತರಗತಿಯ ಹಂಗಿಲ್ಲದೆ ನೇರವಾಗಿ ಪರೀಕ್ಷಿಸಿ ಕ್ರೆಡಿಟ್ ಕೊಡುವ ವ್ಯವಸ್ಥೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಅದು ಬಂದಿದ್ದರೆ ಈ ರೈಟರ್ 12 ವಾರ ಕಾಯಬೇಕಿರಲಿಲ್ಲ.

ಈ ಪ್ರಕರಣದ ನಂತರ ನಾನು ತುಂಬಿಸಿಕೊಳ್ಳುವ ಪರಿಚಯ ಪತ್ರವನ್ನು ಬದಲಿಸಿದ್ದೇನೆ. ಮೊದಲು ಅದರ ಮೊದಲ ಸಾಲಿನಲ್ಲಿ ಪಿಯುಸಿ ಅಂಕಗಳನ್ನು ಕೇಳುತ್ತಿದ್ದೆ. ಈಗಿನ ಮೊದಲ ಪ್ರಶ್ನೆ, ವರ್ಷದಲ್ಲಿ ನಿಮಗೆ ಬಿಡುವಿಲ್ಲದ ತಿಂಗಳುಗಳು ಯಾವುವು ಎಂಬುದು. ಎರಡನೆಯದು, ದಿನವೂ ಮಾಡುವ ಕೆಲಸದಲ್ಲಿ ಬೇರೆಯವರು ನಿಮ್ಮನ್ನು ಕೇಳಿ ತಿಳಿದುಕೊಳ್ಳುವುದು ಏನನ್ನು ಎಂಬುದು. ಮೂರನೆಯದು, ಆಧಾರ್‌ನಲ್ಲಿಯೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿಯೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ ಎಂಬುದು. ಪಿಯುಸಿ ಅಂಕಗಳು ಹಾಳೆಯ ಹಿಂಬದಿಗೆ ಹೋಗಿವೆ.